ಮುಳ್ಳು ಹೇಳಿದ್ದು ಸುಳ್ಳೇ?

ನಮ್ಮ ಬಳಗದ ಹಲವು ಮನೆಗಳಲ್ಲಿ ಕಾರಿಲ್ಲ. ಕಾರಿಗಿಂತ ಅದನ್ನು ನಿಲ್ಲಿಸುವ ಜಾಗವೇ ದುಬಾರಿಯಾದ ಊರಿನಲ್ಲಿ, ಐದು ನಿಮಿಷಕ್ಕೊಂದು ರೈಲು ಬರುತ್ತಿರುವಾಗ, ಅದರ ಗೊಡವೆಯೇ ಬೇಡ ಎನ್ನುವುದು ಜಾಣತನ. ಕಾರಿದ್ದವರದ್ದೂ ಮಕ್ಕಳ ಸೀಟು, ಅಕ್ಕಿ ಮೂಟೆ, ಊರಿಂದ ಬಂದ ಅತ್ತೆ ಮಾವ ಎಲ್ಲರೂ ಹಿಡಿಸುವಂಥ ಗಾಡಿ. ಹೀಗಿರುವಾಗ ಎರಡೇ ಸೀಟಿನ, ಬಟ್ಟೆ ಮಾಡಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು 2009ರಿಂದ ಸಾಕಿಕೊಂಡಿರುವ ನನ್ನನ್ನು ಯುಗಾದಿ ಊಟದ ಪಂಕ್ತಿಯಲ್ಲಿ ಗೆಳೆಯರು ರೇಗಿಸುವುದು ಸಹಜವೇ. "ನಿಮ್ಮ ಎರಡನೇ ಸಂಸಾರ ಹೇಗಿದೆ?" ಎಂದು ಕೇಳುತ್ತಾರೆ. ನನ್ನವಳೂ ಆ ನಗುವಿನಲ್ಲಿ ಸೇರಿಕೊಳ್ಳುತ್ತಾಳೆ.

ಆ ಸಂಸಾರದ ಹೆಸರು ಯೂನೋಸ್ ರೋಡ್‌ಸ್ಟರ್. ಹಿರೋಶಿಮಾದ ಮಾಜ್ದಾದವರು 1989ರ ಫೆಬ್ರವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ತೋರಿಸಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ತಂದ ಕಾರು. ಅಮೆರಿಕದ ಬಂಧುಗಳಿಗೆ ಮಿಯಾಟಾ ಎಂದರೆ ಗೊತ್ತಾಗುತ್ತದೆ. 2016ರ ಏಪ್ರಿಲಿನಲ್ಲಿ ಈ ವಂಶದ ಹತ್ತು ಲಕ್ಷದ ಕಾರು ಹೊರಬಂತು. ನಮ್ಮದು 1991ರದ್ದು, 1600 ಸಿಸಿ ಇಂಜಿನ್. ಹದಿಮೂರು ವರ್ಷ ದಾಟಿದ ಪೆಟ್ರೋಲ್ ಕಾರಿಗೆ ಇಲ್ಲಿ ತೆರಿಗೆ ಸುಮಾರು ಶೇಕಡಾ 15 ಹೆಚ್ಚು. ಹಳೆಯದನ್ನು ಪ್ರೀತಿಸುವವರಿಗೆ ಸರ್ಕಾರ ಹಾಕುವ ದಂಡ ಎಂದುಕೊಂಡು ಕಟ್ಟುತ್ತೇನೆ.

ಈ ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ಈಗಿನ ಕಾರುಗಳಲ್ಲಿ ಕಾಣಸಿಗದ ಒಂದು ಪುಟ್ಟ ಮೀಟರಿದೆ. ಇಂಜಿನ್ ಆಯಿಲ್ ಎಷ್ಟು ಒತ್ತಡದಲ್ಲಿ ಹರಿಯುತ್ತಿದೆ ಎಂದು ತೋರಿಸುವ ಮೀಟರು. ಜಪಾನಿಗರು ಆ ಒತ್ತಡಕ್ಕೆ 'ಯುಅತ್ಸು' ಎನ್ನುತ್ತಾರೆ. ದಾವಣಗೆರೆ ಕಡೆಯ ನಮ್ಮ ಚಿಕ್ಕಪ್ಪನ ಅಕ್ಕಿ ಗಿರಣಿಯ ಡೀಸೆಲ್ ಇಂಜಿನ್ನಿಗೂ ಅಂಥದ್ದೊಂದಿತ್ತು. ಅದರ ಮುಳ್ಳು ಏಳುವವರೆಗೆ ಇಂಜಿನ್ ಡ್ರೈವರ್ ಬೆಲ್ಟ್ ಹಾಕಲು ಬಿಡುತ್ತಿರಲಿಲ್ಲ. ಹೊರಗೆ ಭತ್ತದ ಗಾಡಿಗಳ ಸಾಲು ನಿಂತಿದ್ದರೂ ಸರಿ, ಬೀಡಿ ಹಚ್ಚಿಕೊಂಡು ಆ ಮುಳ್ಳನ್ನೇ ನೋಡುತ್ತಿದ್ದ. ನನಗೂ ಕೀಲಿ ತಿರುಗಿಸಿದೊಡನೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಕಳೆದ ಬೇಸಿಗೆಯ ಓಬೋನ್ ರಜೆಯಲ್ಲಿ ಹಾಕೋನೆಯಿಂದ ಇಳಿದು ಬರುವಾಗ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡೆವು. ಗಾಡಿ ನಿಂತಾಗಲೆಲ್ಲ ಆ ಮುಳ್ಳು ಸೊನ್ನೆಯ ಹತ್ತಿರಕ್ಕೆ ಜಾರುತ್ತಿತ್ತು. ಮನೆ ಸೇರಿದ ಮರುದಿನವೇ ಸಮೀಪದ ಒಂದು ಗ್ಯಾರೇಜಿಗೆ ಕೊಂಡೊಯ್ದೆ. ಅವರು ಮೀಟರು ನೋಡಿದರು, ಕಾರಿನ ವಯಸ್ಸು ಕೇಳಿದರು, ಬೇರಿಂಗ್ ಸವೆದಿದೆ, ಇಂಜಿನ್ ಬಿಚ್ಚಬೇಕು, ಎಂಟು ಲಕ್ಷ ಯೆನ್ ಆದೀತು ಎಂದರು. ಇಷ್ಟಕ್ಕೂ ಅವರು ಬಾನೆಟ್ ಎತ್ತಿರಲಿಲ್ಲ.

ಮನೆಯಲ್ಲಿ ಆ ರಾತ್ರಿ ಮಾತುಕತೆ ಸ್ವಲ್ಪ ಬಿಸಿಯೇ ಆಯಿತು. "ರೀ, ಆ ದುಡ್ಡಿನಲ್ಲಿ ಮೂವರೂ ಎರಡು ಸಲ ಊರಿಗೆ ಹೋಗಿಬರಬಹುದು" ಎಂದಳು ನನ್ನವಳು. ತಪ್ಪು ಲೆಕ್ಕವೇನಲ್ಲ. ಆದರೆ ಮಗಳು ಇದೇ ಕಾರಿನಲ್ಲಿ ಗೇರ್ ಬದಲಿಸುವುದನ್ನು ಕಲಿತವಳು. ನಗೋಯಾದಲ್ಲಿ ಕೆಲಸ ಸಿಕ್ಕಿ, ಅಕ್ಟೋಬರಿನಲ್ಲಿ ಕಾರನ್ನು ತಾನೇ ಓಡಿಸಿಕೊಂಡು ಹೋಗುತ್ತೇನೆ ಎಂದು ಬಹಳ ಮೊದಲೇ ಮಾತು ತೆಗೆದುಕೊಂಡಿದ್ದಳು. "ಅಪ್ಪ, ಎಕ್ಸ್‌ಪ್ರೆಸ್‌ವೇ ಮಧ್ಯದಲ್ಲಿ ಇಂಜಿನ್ ಹಿಡಿದುಕೊಂಡರೆ?" ಎಂದು ಕೇಳಿದಳು. ಮಾರಿಬಿಡಬೇಕೋ, ದುಡ್ಡು ಸುರಿಯಬೇಕೋ, ಮಗಳ ಕೈಗೆ ಕೊಡಬಹುದೋ, ಎಲ್ಲವೂ ಆ ಮುಳ್ಳು ನಿಜ ಹೇಳುತ್ತಿದೆಯೇ ಎಂಬುದರ ಮೇಲೆ ನಿಂತಿತ್ತು.

ಇಲ್ಲಿ ಸ್ವಲ್ಪ ವಿಷಯ ಹೇಳಬೇಕು. ಪಂಪು ಆಯಿಲನ್ನು ತಳ್ಳುತ್ತದೆ ಅಷ್ಟೆ; ಒತ್ತಡ ಹುಟ್ಟುವುದು ಮುಂದಿನ ದಾರಿ ಇಕ್ಕಟ್ಟಾಗಿರುವುದರಿಂದ. ಹಿತ್ತಿಲಿನ ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ ಹಾಗೆ. ಕ್ರ್ಯಾಂಕ್‌ಶಾಫ್ಟಿಗೂ ಬೇರಿಂಗಿಗೂ ನಡುವೆ ಕೂದಲೆಳೆಗಿಂತ ಕಡಿಮೆ ಸಂದು. ಆಯಿಲು ಅಲ್ಲಿ ತೂರಿ, ಲೋಹಕ್ಕೆ ಲೋಹ ತಗುಲದಂತೆ ಕಾಯುತ್ತದೆ. ಬೇರಿಂಗ್ ಸವೆದರೆ ಸಂದು ಹಿಗ್ಗಿ ಒತ್ತಡ ಬೀಳುತ್ತದೆ. ಬಿಸಿಗೆ ಆಯಿಲು ತೆಳುವಾದರೂ ಬೀಳುತ್ತದೆ. ಚಳಿಗಾಲದಲ್ಲಿ ಗಟ್ಟಿಯಾಗುವ ನಮ್ಮ ಕೊಬ್ಬರಿ ಎಣ್ಣೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಗಾಗಿ ಬೆಳಗಿನ ಚಳಿಯಲ್ಲಿ ಮುಳ್ಳು ಎಷ್ಟು ಎತ್ತರಕ್ಕೆ ಹಾರಿದರೂ ಅದರಿಂದ ತಿಳಿಯುವುದು ಅಷ್ಟಕ್ಕಷ್ಟೆ. ಅಳೆಯಬೇಕಾದ್ದು ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ.

ಮೀಟರಿನ ಮುಳ್ಳಿಗೆ ಆಯಿಲು ನೇರವಾಗಿ ತಲುಪುವುದಿಲ್ಲ. ಇಂಜಿನ್ನಿಗೆ ತಿರುಪಿ ಕೂರಿಸಿದ ಒಂದು ಸೆನ್ಸರ್ ಒತ್ತಡವನ್ನು ವಿದ್ಯುತ್ತಾಗಿ ಮಾಡಿ ತಂತಿಯಲ್ಲಿ ಕಳಿಸುತ್ತದೆ. ಮೂವತ್ತು ವರ್ಷ ಬಿಸಿ ಆಯಿಲಿನಲ್ಲಿ ಕೂತ ಸೆನ್ಸರು ತಾನೇ ಮುದಿಯಾಗಿರಬಹುದಲ್ಲ? ಇನ್ನೊಂದು ತಮಾಷೆ ಕೇಳಿ. ತೊಂಬತ್ತರ ದಶಕದ ನಡುವಿನಿಂದ ಈ ಕಾರುಗಳಿಗೆ ಬಂದ ಮೀಟರಿನ ಹಿಂದೆ ಇದ್ದದ್ದು ಬರೀ ಒಂದು ಸ್ವಿಚ್ಚು. ಅಲ್ಪಸ್ವಲ್ಪ ಒತ್ತಡ ಸಿಕ್ಕರೂ ಸಾಕು, ಮುಳ್ಳು ನಡುವಿಗೆ ಬಂದು ಅಲ್ಲೇ ನಿಂತುಬಿಡುತ್ತದೆ. ಏರಿಳಿಯುವ ಮುಳ್ಳು ನೋಡಿ ಜನ ಸುಮ್ಮನೆ ಗಾಬರಿಯಾಗುತ್ತಾರೆ ಎಂದು ಹೀಗೆ ಮಾಡಿದರಂತೆ. ನನಗಂತೂ ಗಾಬರಿಪಡಿಸುವ ಮುಳ್ಳೇ ವಾಸಿ.

ಶಾಕೆನ್ ತಪಾಸಣೆಯನ್ನು ನಂಬಿ ಕೂರುವಂತಿಲ್ಲ. ಅಲ್ಲಿ ಬ್ರೇಕು, ದೀಪ, ಹೊಗೆ ಎಲ್ಲವನ್ನೂ ಅಳೆಯುತ್ತಾರೆ, ಆಯಿಲಿನ ಒತ್ತಡವನ್ನಲ್ಲ. ಆದ್ದರಿಂದ ಓದವಾರಾ ಕಡೆಯ ವಯಸ್ಸಾದ ಮೆಕ್ಯಾನಿಕ್ ಒಬ್ಬರಲ್ಲಿಗೆ ಹೋದೆ. ಅವರು ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟು, ಡಾಕ್ಟರರಂತೆ ಕಣ್ಣು ಮುಚ್ಚಿ ಕೇಳಿದರು. ಈ ಇಂಜಿನ್ನಿನಲ್ಲಿ ವಾಲ್ವುಗಳ ಮೇಲಿನ ಪುಟ್ಟ ಲಿಫ್ಟರುಗಳು ತುಂಬಿಕೊಳ್ಳುವುದು ಆಯಿಲಿನ ಒತ್ತಡದಿಂದಲೇ; ಅದು ಸಾಲದಿದ್ದರೆ ಗೋಡೆ ಗಡಿಯಾರದಂತೆ ಟಿಕ್ ಟಿಕ್ ಶುರುವಾಗುತ್ತದೆ. ಸದ್ದಿರಲಿಲ್ಲ. "ಅಳೆದು ನೋಡೋಣ" ಎಂದರು.

ಇಪ್ಪತ್ತು ನಿಮಿಷ ಓಡಿಸಿ ತಂದೆವು. ಸೆನ್ಸರ್ ಇರುವುದು ಬಲಗಡೆ, ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿ, ಆಯಿಲ್ ಫಿಲ್ಟರಿನ ಪಕ್ಕ. ಕೈ ತೂರಿಸಲು ಬಳೆಗಾರನ ನಾಜೂಕು ಬೇಕು. ತಂತಿ ಕಳಚಿ, ಸೆನ್ಸರ್ ಬಿಚ್ಚಿ, ಅದೇ ರಂಧ್ರಕ್ಕೆ ರಬ್ಬರ್ ಕೊಳವೆಯಿದ್ದ ಮೀಟರನ್ನು ತಿರುಪಿದರು. ಇದರಲ್ಲಿ ವಿದ್ಯುತ್ತಿಲ್ಲ. ಒಳಗೆ ಬಾಗಿದ ಹಿತ್ತಾಳೆ ನಳಿಕೆಯಿದೆ. ಒತ್ತಡ ಬಂದರೆ ನೆಟ್ಟಗಾಗಲು ಹವಣಿಸಿ ಮುಳ್ಳನ್ನು ಎಳೆಯುತ್ತದೆ. ಜಾತ್ರೆಯಲ್ಲಿ ಊದಿದರೆ ಸುರುಳಿ ಬಿಚ್ಚುವ ಕಾಗದದ ಪೀಪಿಯ ತತ್ವ. ಫ್ರಾನ್ಸಿನ ಬೂರ್ದೋನ್ ಎಂಬಾತ 1849ರಲ್ಲಿ ಪೇಟೆಂಟ್ ಪಡೆದದ್ದು. ಇವತ್ತಿಗೂ ಅದೇ.

ಮ್ಯಾನುಯಲ್ ಪ್ರಕಾರ ನಿಮಿಷಕ್ಕೆ 1000 ಸುತ್ತಿನಲ್ಲಿ ಚದರ ಸೆಂಟಿಮೀಟರಿಗೆ 2ರಿಂದ 3 ಕಿಲೋ, 3000 ಸುತ್ತಿನಲ್ಲಿ 3ರಿಂದ 4 ಕಿಲೋ ಇರಬೇಕು. ಮೆಕ್ಯಾನಿಕ್ ಇಂಜಿನ್ ಚಾಲೂ ಮಾಡಿ, ಮೊದಲು ಎಲ್ಲಾದರೂ ಸೋರುತ್ತಿದೆಯೇ ಎಂದು ಬ್ಯಾಟರಿ ಬಿಟ್ಟು ನೋಡಿದರು. ನಾನೂ ಮಗಳೂ ಉಸಿರು ಬಿಗಿಹಿಡಿದು ಬಗ್ಗಿದೆವು. 1000ಕ್ಕೆ 2.2. ಆಕ್ಸಿಲರೇಟರ್ ಒತ್ತಿ 3000ಕ್ಕೆ ಏರಿಸಿದರು, 3.4. ಮತ್ತೊಮ್ಮೆ ಮಾಡಿದರು, ಅಷ್ಟೇ ಬಂತು. ಮಗಳು ನನ್ನ ತೋಳು ಹಿಂಡಿದ ಗುರುತು ಎರಡು ದಿನ ಇತ್ತು.

ಹೊಸ ಸೆನ್ಸರ್ ತರಿಸಿ ಹಾಕಿದರು. ಹಾಕುವಾಗ ಎಳೆಗೆ ನಲ್ಲಿಗೆ ಸುತ್ತುವಂತೆ ಟೇಪು ಸುತ್ತಬಾರದಂತೆ. ಈ ಸೆನ್ಸರಿಗೆ ಅರ್ಥಿಂಗ್ ಸಿಗುವುದು ಆ ಎಳೆಯ ಮೂಲಕವೇ, ಅದು ತಪ್ಪಿದರೆ ಮುಳ್ಳು ಮತ್ತೆ ಇಲ್ಲದ್ದನ್ನು ಹೇಳುತ್ತದೆ. ಎಲ್ಲ ಸೇರಿ ಖರ್ಚು ಎಂಟು ಲಕ್ಷದ ಮೂವತ್ತನೇ ಒಂದು ಪಾಲೂ ಆಗಲಿಲ್ಲ. ಮಗಳು ಅಕ್ಟೋಬರಿನಲ್ಲಿ ಹೊರಟಳು. ಹಮಾಮಾತ್ಸು ದಾಟಿ ಚಹಾಕ್ಕೆ ನಿಲ್ಲಿಸಿ ಫೋನ್ ಮಾಡಿದವಳು ಮೊದಲು ಹೇಳಿದ್ದು ಮುಳ್ಳು ಎಲ್ಲಿದೆ ಎಂದು, ಆಮೇಲೆ ತಾನು ಹೇಗಿದ್ದೇನೆ ಎಂದು. ಅದಕ್ಕೆ ಅವಳಮ್ಮನಿಂದ ಬೈಸಿಕೊಂಡಳು.

ಕಾರಿನ ಜಾಗವನ್ನು ನಾವಿನ್ನೂ ಬಿಟ್ಟುಕೊಟ್ಟಿಲ್ಲ, ಹೊಸ ವರ್ಷದ ರಜೆಗೆ ಅದು ಬರುತ್ತದಲ್ಲ. ಅಂಥದ್ದೇ ಅಳತೆ ಮೀಟರೊಂದನ್ನು ನಾನೂ ಕೊಂಡಿಟ್ಟಿದ್ದೇನೆ. ಹೆಚ್ಚಿನ ಜಪಾನಿ ಇಂಜಿನ್ನುಗಳಿಗೆ ಅದರ ಎಳೆ ಕೂಡುತ್ತದೆ. ಬಳಗದಲ್ಲಿ ಯಾರಿಗಾದರೂ ಬೇಕಾದರೆ ಮುಂದಿನ ಸಭೆಗೆ ತಂದುಕೊಡುತ್ತೇನೆ. ಹಿಂತಿರುಗಿಸುವಾಗ ದಯವಿಟ್ಟು ಎಣ್ಣೆ ಒರೆಸಿ ಕೊಡಿ, ಅದನ್ನು ಇಡುವುದು ನನ್ನವಳ ಅಡುಗೆಮನೆಯ ಕಪಾಟಿನಲ್ಲಿ.