ಲೆಕ್ಕಕ್ಕೆ ಬಾರದ ನೋವು

ಹಲ್ಲುಗಳು ಸಾಲಿಗೆ ಬರಲೆಂದು ಮಕ್ಕಳಿಗೆ ತಂತಿ ಕಟ್ಟಿಸುವುದು ಈಗ ಪಟ್ಟಣಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಚಿತ್ರದುರ್ಗ ತಾಲ್ಲೂಕಿನ ತುರುವನೂರು 1939ರ ಸತ್ಯಾಗ್ರಹದಿಂದ ನಾಡಿಗೆ ಪರಿಚಿತವಾದ ಊರು. ಅಲ್ಲಿಯ ವರ್ತಕರ ಮನೆಯೊಂದರ 13 ವರ್ಷದ ಬಾಲಕಿಗೆ ದಾವಣಗೆರೆಯಲ್ಲಿ, ಜನರು ‘ಕ್ಲಿಪ್ಪು’ ಎಂದು ಕರೆಯುವ ಈ ಸಾಧನವನ್ನು ಕೂಡಿಸಲಾಯಿತು. ತಂತಿಯ ನೋವನ್ನು ಅವಳು ವಾರದಲ್ಲಿ ಮರೆತಳು. ಏಳನೆಯ ತಿಂಗಳಿನಲ್ಲಿ ವೈದ್ಯರು ರಬ್ಬರ್ ಉಂಗುರಗಳ ಪೊಟ್ಟಣವೊಂದನ್ನು ಕೈಗಿತ್ತಾಗ ನಿಜವಾದ ಕಷ್ಟ ಆರಂಭವಾಯಿತು.

ನೋಡಲು ಅದು ಅತ್ಯಲ್ಪ ವಸ್ತು. ಒಳವ್ಯಾಸ ಕಾಲು ಅಂಗುಲ. ಮೇಲಿನ ಕೋರೆಹಲ್ಲಿನ ಕೊಕ್ಕೆಯಿಂದ ಕೆಳಗಿನ ದವಡೆಹಲ್ಲಿನ ಕೊಕ್ಕೆಗೆ ಎರಡೂ ಪಕ್ಕಗಳಲ್ಲಿ ಬಿಗಿದರೆ, ಮುಂದಕ್ಕೆ ಚಾಚಿದ ಮೇಲಿನ ಸಾಲು ಹಿಂದಕ್ಕೂ ಕೆಳಗಿನ ಸಾಲು ಮುಂದಕ್ಕೂ ಮೆಲ್ಲಗೆ ಸರಿಯತೊಡಗುತ್ತವೆ. ಮೂರು ಪಟ್ಟು ಹಿಗ್ಗಿದಾಗ ಅದರ ಸೆಳೆತ ನಾಲ್ಕೂವರೆ ಔನ್ಸ್, ಎಂದರೆ ಸುಮಾರು 128 ಗ್ರಾಂ. ಹಿರಿಯ ವರ್ತಕರಿಗೆ ತಿಳಿಯುವಂತೆ ಹೇಳುವುದಾದರೆ ಹನ್ನೊಂದು ತೊಲ. ಬಾಯಿಯ ತೇವದಲ್ಲಿ ರಬ್ಬರಿನ ಬಿಗಿ ಕೆಲವೇ ಗಂಟೆಗಳಲ್ಲಿ ಸಡಿಲಗೊಳ್ಳುವುದರಿಂದ ಬೆಳಿಗ್ಗೆ ಒಂದು ಜೊತೆ, ಸಂಜೆ ಒಂದು ಜೊತೆ ಬದಲಿಸಬೇಕು. ಊಟದ ಹಾಗೂ ಹಲ್ಲುಜ್ಜುವ ಹೊತ್ತನ್ನು ಬಿಟ್ಟು ದಿನಕ್ಕೆ 22 ಗಂಟೆ ಧರಿಸಿರಬೇಕು. ಇದು ವೈದ್ಯರ ಅಪ್ಪಣೆ.

ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ತೆಳುವಾದ ಪೊರೆಯೊಂದಿದೆ. ಸೆಳೆತದಿಂದ ಅದು ಒಂದು ಕಡೆ ಅದುಮಲ್ಪಡುತ್ತದೆ, ಇನ್ನೊಂದು ಕಡೆ ಹಿಗ್ಗುತ್ತದೆ. ಅದುಮಿದ ಕಡೆ ಮೂಳೆ ಕರಗುತ್ತದೆ, ಹಿಗ್ಗಿದ ಕಡೆ ಹೊಸ ಮೂಳೆ ಬೆಳೆಯುತ್ತದೆ. ನೋವು ಸಾಮಾನ್ಯವಾಗಿ ಮೊದಲ ದಿನ ಏರಿ ವಾರದೊಳಗೆ ಇಳಿಯುತ್ತದೆ. ಆದರೆ ನಡುನಡುವೆ ಬಿಟ್ಟು ಮತ್ತೆ ತೊಟ್ಟರೆ ಮೊದಲ ದಿನದ ನೋವೇ ಮರಳಿ ಬರುತ್ತದೆ. ಬಾಲಕಿಗೆ ಆದದ್ದು ಇದೇ. ಬಾಯಿ ತೆರೆದರೆ ರಬ್ಬರ್ ಕಾಣುತ್ತದೆಂದು ಶಾಲೆಯಲ್ಲಿ ಗೆಳತಿಯರು ನಗುತ್ತಿದ್ದರು. ಚಿತ್ರದುರ್ಗದ ಬಸ್ಸು ಊರು ದಾಟಿದೊಡನೆ ಅವಳು ಅದನ್ನು ತೆಗೆಯುವಳು, ಸಂಜೆ ಮನೆಯ ಹೊಸ್ತಿಲ ಬಳಿ ಮತ್ತೆ ತೊಡುವಳು.

ಮನೆಯಲ್ಲಿ ಯಾರೂ ನಿರ್ದಯರಲ್ಲ. ಅಜ್ಜ ನಿತ್ಯ ಸ್ವಾಧ್ಯಾಯ ಮಾಡುವವರು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಹೇಳುವ 22 ಪರೀಷಹಗಳ ಹೆಸರು ಮೊಮ್ಮಗಳಿಗೂ ಬಾಯಿಪಾಠ. ಮುನಿಗಳು ಎಷ್ಟೆಲ್ಲ ಸಹಿಸುತ್ತಾರೆ, ಇದು ಯಾವ ಲೆಕ್ಕ ಎಂಬ ಮಾತು ಮನೆಯಲ್ಲಿ ಸಲೀಸಾಗಿ ಬರುತ್ತಿತ್ತು. ತಾವಾಗಿಯೇ ಒಪ್ಪಿ ಸಹಿಸುವವರ ಉದಾಹರಣೆಯನ್ನು, ಹಿರಿಯರ ತೀರ್ಮಾನದಂತೆ ತಂತಿ ಕಟ್ಟಿಸಿಕೊಂಡ ಮಗುವಿನ ಮುಂದಿಡುವುದು ಎಷ್ಟರಮಟ್ಟಿಗೆ ನ್ಯಾಯ? ವೈದ್ಯರು ಕೊಟ್ಟ ಪಟ್ಟಿಯಲ್ಲಿ ದಿನಕ್ಕೊಂದು ಚೌಕವಿತ್ತು. ಪ್ರತಿ ರಾತ್ರಿ ‘ಹಾಕಿಕೊಂಡೆಯಾ?’ ಎಂಬ ಪ್ರಶ್ನೆ. ಅವಳು ತಲೆಯಾಡಿಸಿ ಗುರುತು ಹಾಕುವಳು. ನೋಯುತ್ತಿದೆಯೇ ಎಂದು ಯಾರೂ ಕೇಳಲಿಲ್ಲ.

ಇಪ್ಪತ್ತನೆಯ ದಿನ ಅವಳಿಗೆ ಭಯ ಹುಟ್ಟಿತು. ವೈದ್ಯರ ಭೇಟಿಗೆ ಇನ್ನು ಒಂದೇ ವಾರ. ಕಳೆದ ಹೊತ್ತನ್ನು ತುಂಬಿಕೊಡುವ ಆಸೆಯಿಂದ ಅಂದು ಮಲಗುವಾಗ ಪಕ್ಕಕ್ಕೆ ಎರಡೆರಡು ಉಂಗುರ ಬಿಗಿದುಕೊಂಡಳು. ಸೆಳೆತ ಇಮ್ಮಡಿಯಾದರೆ ಹಲ್ಲು ಇಮ್ಮಡಿ ವೇಗದಲ್ಲಿ ಸರಿಯುವುದಿಲ್ಲ; ಪೊರೆಯ ರಕ್ತಸಂಚಾರ ತಗ್ಗಿ ಚಲನೆಯೇ ನಿಲ್ಲಬಹುದು, ಬೇರಿಗೂ ಹಾನಿಯಾಗಬಹುದು. ನಡುರಾತ್ರಿ ನೋವು ತಾಳದೆ ಎದ್ದು ಕುಳಿತವಳನ್ನು ಅಜ್ಜಿ ಕಂಡರು. ಉಂಗುರಗಳನ್ನು ತೆಗೆಸಿ, ಬೆಚ್ಚನೆಯ ನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಲು ಹೇಳಿದರು.

ಬೆಳಿಗ್ಗೆ ಅಜ್ಜ ಪೊಟ್ಟಣವನ್ನು ಮೇಜಿನ ಮೇಲೆ ಸುರಿದು ಎಣಿಸಿದರು. ಅಂಗಡಿಯವರ ಅಭ್ಯಾಸವೇ ಹಾಗೆ, ಪುಸ್ತಕಕ್ಕಿಂತ ಮೊದಲು ದಾಸ್ತಾನು ನೋಡುವುದು. ಒಟ್ಟು ನೂರು ಉಂಗುರ. ದಿನಕ್ಕೆ ನಾಲ್ಕರಂತೆ 20 ದಿನಕ್ಕೆ 80 ಖರ್ಚಾಗಿ 20 ಉಳಿಯಬೇಕು. ಉಳಿದದ್ದು 62. ಪಟ್ಟಿಯಲ್ಲಾದರೋ ಇಪ್ಪತ್ತು ಚೌಕಗಳಲ್ಲಿಯೂ ಗುರುತು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದೆಂದು ಅಜ್ಜನಿಗೆ ತಿಳಿಯದೆ? ಆದರೆ ಅಷ್ಟು ದೊಡ್ಡ ಹೆಸರನ್ನು ಆ ಚೌಕಗಳಿಗೆ ಕೊಡಲು ಅವರ ನಾಲಿಗೆ ಏಳಲಿಲ್ಲ. ಮೊಮ್ಮಗಳನ್ನು ಹತ್ತಿರ ಕರೆದು, “ನೋಯ್ತದೇನು ತಾಯಿ?” ಎಂದಷ್ಟೇ ಕೇಳಿದರು.

“ಮೊದಲನೇ ದಿನದಿಂದಲೂ ನೋಯ್ತದೆ ಅಜ್ಜಾ” ಎಂದು ಹುಡುಗಿ ಅತ್ತಳು.

ನೋವನ್ನು ಮುಚ್ಚಿಡುವುದೇ ಸಹನೆ ಎಂದು ಅವಳಿಗೆ ಕಲಿಸಿದವರು ಮನೆಯವರೇ. ಅಜ್ಜ ಇದನ್ನು ಬಾಯಿಬಿಟ್ಟು ಒಪ್ಪಿಕೊಂಡರು. ಅನಂತರದ ಉಪಾಯಗಳು ಸುಲಭವಾಗಿಯೇ ದೊರೆತವು. ಅಗಿಯದೆ ನುಂಗುವ ರಾಗಿಮುದ್ದೆಯಂತಹ ಆಹಾರ ತಂತಿ ಕಟ್ಟಿಸಿಕೊಂಡವರಿಗೆ ಬೇರೆಲ್ಲಿದೆ? ಗೆಡ್ಡೆಗಳನ್ನು ತಿನ್ನದ ಆ ಮನೆಯಲ್ಲಿ ಬೇಳೆಕಟ್ಟು, ಸೋರೆಕಾಯಿ, ಮೊಸರನ್ನ ಸಾಕಾದವು. ಚಕ್ಕುಲಿ, ಹುರಿದ ಕಡಲೆಕಾಯಿ, ಕಬ್ಬು ಕೆಲಕಾಲ ದೂರ ಉಳಿದವು. ಕೊಕ್ಕೆ ತಾಗಿ ಕೆನ್ನೆ ಹುಣ್ಣಾಗದಂತೆ ಅದರ ಮೇಲೆ ಮೇಣ ಒತ್ತಬೇಕು. ಅದು ಜೇನುಮೇಣವೋ ಎಂದು ಅಜ್ಜಿ ಶಂಕಿಸಿದರು. ಶಂಕೆ ಅಕಾರಣವಲ್ಲ, ಕೆಲವು ಮೇಣಗಳಲ್ಲಿ ಅದು ಇರುತ್ತದೆ. ಕೇಳಿದರೆ ಪ್ಯಾರಾಫಿನ್ ಅಥವಾ ಸಿಲಿಕೋನಿನದು ಸಿಗುತ್ತದೆ. ಉಂಗುರದ ರಬ್ಬರಂತೂ ಮರದ ಹಾಲಿನಿಂದಾದದ್ದು. ಅದು ಒಗ್ಗದೆ ತುರಿಕೆಯಾಗುವವರಿಗೆ ಬೇರೆ ಬಗೆಯದೂ ಇದೆ. ನೋವು ಹೆಚ್ಚಾದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ತೆಗೆದುಕೊಳ್ಳಬಹುದು. ಮಾತ್ರೆ ನುಂಗುವುದು ಸೋಲೆಂದು ಮಕ್ಕಳಿಗೆ ಹೇಳಬಾರದು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗೆ ಇನ್ನೊಂದು ಅನುಕೂಲವೂ ಕಂಡಿತು: ಸಂಜೆ ಹಲ್ಲುಜ್ಜಿ ಹೊಸ ಜೊತೆ ತೊಟ್ಟರೆ ಬೆಳಗಿನವರೆಗೆ ತೆಗೆಯುವ ಪ್ರಸಂಗವೇ ಇಲ್ಲ.

ಭೇಟಿಯ ದಿನ ಅವಳು ಹಳೆಯ ಪಟ್ಟಿಯಲ್ಲಿ ಸುಳ್ಳು ಗುರುತುಗಳನ್ನು ತಾನೇ ಹೊಡೆದುಹಾಕಿ ವೈದ್ಯರ ಕೈಗಿತ್ತಳು. ಅವರು ಅಳೆದು ನೋಡಿದರು. ಚಿಕಿತ್ಸೆ ಎರಡು ತಿಂಗಳು ಮುಂದಕ್ಕೆ ಹೋಯಿತು. ಹೊಸ ಪಟ್ಟಿಯಲ್ಲಿ ಅಜ್ಜ ಅಡಿಪಟ್ಟಿ ಇಟ್ಟು ಗೆರೆಯೆಳೆದು, ಚೌಕಗಳ ಪಕ್ಕದಲ್ಲಿ ‘ನೋವು’ ಎಂದು ಮತ್ತೊಂದು ಅಂಕಣ ಮಾಡಿದರು. ಸಂಜೆ ಅವರು ಮೊದಲು ಕೇಳುವುದು ಅದನ್ನೇ. ಕೆಲವು ದಿನ ‘ಬಲಗಡೆ ಸ್ವಲ್ಪ’ ಎಂಬ ಉತ್ತರ ಬರುತ್ತದೆ. ಕೆಲವು ದಿನ ಆ ಅಂಕಣವನ್ನು ತುಂಬಲು ಅವಳು ಮರೆತೇ ಹೋಗುತ್ತಾಳೆ.