ಸೆಕೆಂಡುಗಳ ಸಾಗಾಟ

'ಲೇಬರ್ ಸ್ಟ್ಯಾಂಡರ್ಡ್' ಅಂದರೆ ಕೂಲಿ, ರಜೆ, ದುಡಿಮೆಯ ಅವಧಿಗೆ ಸಂಬಂಧಿಸಿದ ನಿಯಮ ಎಂದು ನಾವು ತರಗತಿಯಲ್ಲಿ ಓದುತ್ತೇವೆ. ಗೋದಾಮಿನಲ್ಲಿ ಅದಕ್ಕೆ ಅರ್ಥವೇ ಬೇರೆ. ರ್ಯಾಕಿನವರೆಗೆ ನಡೆಯಲು ಇಷ್ಟು ಸೆಕೆಂಡು, ಬಗ್ಗಿ ಡಬ್ಬ ಎತ್ತಲು ಇಷ್ಟು, ಸ್ಕ್ಯಾನ್ ಮಾಡಲು ಇಷ್ಟು. ಎಲ್ಲ ಕೂಡಿದರೆ ಒಂದು ಆರ್ಡರಿಗೆ ತಗಲಬೇಕಾದ ಸಮಯ. ನೀವು ಅದಕ್ಕಿಂತ ಹಿಂದಿದ್ದೀರೋ ಮುಂದಿದ್ದೀರೋ ಎಂಬುದು ಶೇಕಡಾ ಲೆಕ್ಕದಲ್ಲಿ ಪರದೆಯ ಮೇಲೆ ಮೂಡುತ್ತದೆ.

ಈ ಅಳತೆಗೆ ನೂರು ವರ್ಷ ಮೀರಿದ ಚರಿತ್ರೆಯಿದೆ. ಫ್ರೆಡರಿಕ್ ಟೇಲರ್ ಅಮೆರಿಕದ ಉಕ್ಕಿನ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚ್ ಹಿಡಿದು ಶುರುಮಾಡಿದ ಕೆಲಸವಿದು. 1948ರಲ್ಲಿ ಪ್ರಕಟವಾದ 'ಎಂಟಿಎಂ' ಪದ್ಧತಿ ಒಂದು ಗಂಟೆಯನ್ನು ಒಂದು ಲಕ್ಷ ತುಂಡು ಮಾಡಿತು. ಒಂದು ತುಂಡೆಂದರೆ 0.036 ಸೆಕೆಂಡು. ಕೈ ಚಾಚುವುದು, ಹಿಡಿಯುವುದು, ಬಿಡುವುದು, ಎಲ್ಲಕ್ಕೂ ಇಂತಿಷ್ಟು ತುಂಡು. ಹೀಗೆ ಬಂದ ಮೊತ್ತಕ್ಕೆ ನೀರು ಕುಡಿಯಲು, ಶೌಚಕ್ಕೆ ಹೋಗಲು, ದಣಿವಾರಿಸಿಕೊಳ್ಳಲು, ತಪ್ಪಿಸಲಾಗದ ತಡಗಳಿಗೆ ಎಂದು ಒಂದಿಷ್ಟು ಸೇರಿಸುವುದು ವಾಡಿಕೆ. ಅದನ್ನು 'ಅಲೋಯನ್ಸ್' ಅನ್ನುತ್ತಾರೆ. ಇಡೀ ಸೂತ್ರದಲ್ಲಿ ದೇಹದ ಅಗತ್ಯಕ್ಕೆಂದೇ ಇರುವ ಜಾಗ ಅದು.

ಸಂಶೋಧನೆಗಾಗಿ ನಾನು ನೆಲಮಂಗಲದ ಕಡೆಯ ಗೋದಾಮೊಂದಕ್ಕೆ ಹೋಗುತ್ತಿದ್ದಾಗ ಅಲ್ಲಿ ಹಳೆಯ ಸಾಫ್ಟ್‌ವೇರ್ ತೆಗೆದು ಹೊಸದನ್ನು ತರುತ್ತಿದ್ದರು. ಹಳೆಯ ಸಮಯಗಳನ್ನೆಲ್ಲ ಎಕ್ಸೆಲ್ ಹಾಳೆಗೆ ಇಳಿಸಿ ಹೊಸದಕ್ಕೆ ಏರಿಸುವ ಕೆಲಸ. ಒಂದು ಸಾಲಿನ ರ್ಯಾಕುಗಳಿಗೆ ಮಾತ್ರ ಕೆಲವು ಸೆಕೆಂಡು ಹೆಚ್ಚಿಗೆ ಕೊಟ್ಟಿತ್ತು. ಯಾಕೆಂದು ಎಲ್ಲೂ ಬರೆದಿರಲಿಲ್ಲ. ಕಾರಣವಿಲ್ಲದ್ದನ್ನು ತೆಗೆದುಬಿಡೋಣ ಎಂದು ತೀರ್ಮಾನವಾಯಿತು.

ಆ ಸಾಲಿನಲ್ಲಿ ಮಾಲು ತೆಗೆಯುವ ಅಕ್ಕನನ್ನು ಊಟದ ಹೊತ್ತಲ್ಲಿ ಕೇಳಿದೆ. "ಅಲ್ಲಿ ಕೆಳಗಡೆ ಎಣ್ಣೆ ಡಬ್ಬ ಇಡ್ತಾರೆ ಕಣಮ್ಮಾ. ಬಗ್ಗಿ ಎಳ್ಕೊಂಡು, ಸೋರಿದ್ಯಾ ಅಂತ ನೋಡಿ ಎತ್ತಬೇಕು. ಮೊದಲಿದ್ದ ಸೂಪರ್‌ವೈಸರ್ ಸಾರು ನಿಂತು ನೋಡಿ ಟೈಮ್ ಜಾಸ್ತಿ ಮಾಡಿದ್ರು" ಎಂದರು. ಆ ಸೂಪರ್‌ವೈಸರ್ ಕೆಲಸ ಬಿಟ್ಟು ಹೋಗಿದ್ದರು. ಕಾರಣ ಉಳಿದಿದ್ದದ್ದು ಅಕ್ಕನ ಸೊಂಟದಲ್ಲಿ ಮಾತ್ರ.

ಹೊಸ ಲೆಕ್ಕ ಬಂದ ವಾರ ಅವರ ಅಂಕಿ ನೂರರ ಕೆಳಗಿಳಿಯಿತು. ಕೈಯಾಗಲಿ ಕಾಲಾಗಲಿ ನಿಧಾನವಾಗಿರಲಿಲ್ಲ. ಆದರೂ ಇನ್ಸೆಂಟಿವ್ ಹೋಯಿತು. "ನಾನು ಸೋಂಬೇರಿ ಆದ್ನಾ?" ಎಂದು ಕೇಳಿದರು. ಗುತ್ತಿಗೆಯಲ್ಲಿರುವವರಿಗೆ ಆ ಪ್ರಶ್ನೆಯ ಹಿಂದೆ ಇನ್ನೊಂದಿರುತ್ತದೆ: ಮುಂದಿನ ತಿಂಗಳು ಕೆಲಸ ಇರುತ್ತದಾ?

ತಂತ್ರಜ್ಞಾನವನ್ನು ದೂರುವುದು ಸುಲಭ. ಹಳೆಯದೇನೂ ಧರ್ಮರಾಯನ ತಕ್ಕಡಿ ಆಗಿರಲಿಲ್ಲ. ಒಳ್ಳೆಯ ಸಾಫ್ಟ್‌ವೇರ್ ನಡಿಗೆಯನ್ನು ನೇರ ಗೆರೆಯಲ್ಲಿ ಅಳೆಯದೆ ರ್ಯಾಕು ಸುತ್ತಿಬರುವ ದಾರಿಯಲ್ಲೇ ಅಳೆಯಬಲ್ಲದು. ಭಾರಕ್ಕೆ, ಎತ್ತರಕ್ಕೆ ಬೇರೆ ಬೇರೆ ಸಮಯ ಕೊಡಬಲ್ಲದು. ಆದರೆ ಹೇಳಿದ್ದನ್ನಷ್ಟೇ ಅದು ಅಳೆಯುತ್ತದೆ. ಹೇಳುವ ಕೋಣೆಯಲ್ಲಿ ಯಾರಿದ್ದರು ಎಂಬುದೇ ಪ್ರಶ್ನೆ.

ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿಯಿಂದ ಒಂದು ಕಾನೂನು ಜಾರಿಯಲ್ಲಿದೆ. ಅದರ ವ್ಯಾಪ್ತಿಗೆ ಬರುವ ದೊಡ್ಡ ಗೋದಾಮುಗಳು ಟಾರ್ಗೆಟ್ ಏನೆಂದು ಕೆಲಸಗಾರರಿಗೆ ಲಿಖಿತವಾಗಿ ತಿಳಿಸಬೇಕು. ಊಟ, ವಿರಾಮ, ಶೌಚಕ್ಕೆ ಅಡ್ಡಿಯಾಗುವ ಟಾರ್ಗೆಟ್ ಇಡುವಂತಿಲ್ಲ. ನಮ್ಮಲ್ಲಿ ಅಂಥ ಕಾನೂನಿಗೆ ಕಾಯುವ ಮೊದಲೇ ಮಾಡಬಹುದಾದದ್ದೊಂದಿದೆ. ಆ ಎಕ್ಸೆಲ್ ಹಾಳೆಯಲ್ಲಿ ಸೆಕೆಂಡುಗಳ ಪಕ್ಕ 'ಕಾರಣ' ಎಂಬ ಇನ್ನೊಂದು ಕಾಲಂ ಇರಲಿ. ಅದನ್ನು ತುಂಬುವ ದಿನ ಮಾಲು ಎತ್ತುವವರಿಗೂ ಒಂದು ಕುರ್ಚಿ ಹಾಕಲಿ.