ಕಂಸಾಳೆಯ ಮೇಳದವರು

ಕೊಳ್ಳೇಗಾಲದಿಂದ ಹನೂರಿಗೆ ಬಂದು, ಲೊಕ್ಕನಹಳ್ಳಿಯ ಕಡೆಗೆ ತಿರುಗಿ ಕಾಡಿನಂಚನ್ನು ಹಿಡಿದು ಹೋಗುವವರಿಗೆ ಒಡೆಯರಪಾಳ್ಯವು ಸಿಕ್ಕುವುದು. ಈ ಊರಿನ ಆಸುಪಾಸಿನಲ್ಲಿ ಎರಡು ಬಗೆಯ ತಾಳಗಳ ದನಿ ಕೇಳಿಬರುವುದುಂಟು. 1970ರ ದಶಕದಲ್ಲಿ ಇಲ್ಲಿ ನೆಲೆಗೊಂಡ ಟಿಬೆಟ್ಟಿನ ನಿರಾಶ್ರಿತರು ತಮ್ಮ ಮಠದ ಪೂಜೆಯಲ್ಲಿ ಬಾರಿಸುವ ಅಗಲವಾದ ತಾಳ ಒಂದು. ಏಳುಮಲೆಯ ಮಾದಪ್ಪನ ಒಕ್ಕಲಿನವರು ಹಿಡಿಯುವ ಕಂಸಾಳೆ ಇನ್ನೊಂದು. ಮೊದಲನೆಯದನ್ನು ಕೇಳಲು ಜನರು ದೂರದಿಂದ ಬರುವರು. ಎರಡನೆಯದು ತಾನಾಗಿ ಅಂಗಳಕ್ಕೆ ಬಂದು ನಿಂತರೂ, ಜೋಳಿಗೆಗೆ ಒಂದು ಹಿಡಿ ರಾಗಿಯನ್ನು ಹಾಕಿ ಮುಂದಕ್ಕೆ ಕಳುಹಿಸುವವರೇ ಹೆಚ್ಚು.

ಕಾಂಸ್ಯತಾಳವೆಂಬುದೇ ಜನರ ಬಾಯಲ್ಲಿ ಕಂಸಾಳೆಯಾಯಿತು. ಎಡಗೈಯಲ್ಲಿ ಬಟ್ಟಲಿನಂಥ ಕಂಚು. ಬಲಗೈಯಲ್ಲಿ ನಡುವೆ ದಾರವನ್ನು ಪೋಣಿಸಿ ಗೊಂಡೆ ಕಟ್ಟಿದ ಚಪ್ಪಟೆಯ ಕಂಚು. ಇದರ ಜೊತೆಗೆ ಒಂದು ದಮ್ಮಡಿ, ಒಂದು ಏಕತಾರಿ ದೊರೆತರೆ ಮೇಳವು ಸಿದ್ಧವಾಯಿತು. ಮೂವರು ಸಾಕು. ಒಬ್ಬನು ಕಥೆಯನ್ನು ಹಾಡಿ ಹೇಳುವನು. ಉಳಿದವರು ಅವನ ಪದದ ತುದಿಯನ್ನು ಹಿಡಿದು ಸೊಲ್ಲನ್ನು ಎತ್ತುವರು, ನಡುನಡುವೆ ಮಾತು ಬಂದಾಗ ಹೂಂಗುಟ್ಟುವರು. ಹಿಮ್ಮೇಳದವರನ್ನು ಬರಿಯ ಜೊತೆಗಾರರೆಂದು ಎಣಿಸುವುದು ತಪ್ಪು. ಮುಮ್ಮೇಳದವನು ಉಸಿರು ತೆಗೆದುಕೊಳ್ಳುವುದೂ ಮುಂದಿನ ಮಾತನ್ನು ನೆನಪಿಗೆ ತಂದುಕೊಳ್ಳುವುದೂ ಆ ಸೊಲ್ಲಿನ ನೆರಳಿನಲ್ಲಿಯೇ. ಸೊಲ್ಲು ನಿಂತರೆ ಕಥೆಯೂ ನಿಲ್ಲುವುದು.

ಈ ಹಾಡುಗಾರರಿಗೆ ದೇವರಗುಡ್ಡರೆಂದು ಹೆಸರು. ಹಾಲುಮತದವರು ಇವರಲ್ಲಿ ಹೆಚ್ಚು. ಬೇರೆ ಜಾತಿಗಳವರೂ ಇದ್ದಾರೆ. ಮನೆಯಲ್ಲಿ ಹರಕೆ ಹೊತ್ತು ಒಬ್ಬ ಮಗನನ್ನು ದೇವರಿಗೆ ಬಿಡುವರು. ಅವನು ಗುರುವಿನಿಂದ ದೀಕ್ಷೆಯನ್ನು ಪಡೆದು ರುದ್ರಾಕ್ಷಿ, ಜೋಳಿಗೆ, ಬೆತ್ತಗಳನ್ನು ಧರಿಸುವನು. ಅಲ್ಲಿಂದ ಮುಂದೆ ಅವನ ವಿದ್ಯಾಭ್ಯಾಸವೆಲ್ಲ ಹಿರಿಯರ ಹಿಂದೆ ನಡೆದು ಸೊಲ್ಲು ಹೇಳುವುದರಲ್ಲಿಯೇ ಸಾಗುವುದು. ಭಿಕ್ಷೆ, ಪರ್ವದ ದಿನಗಳಲ್ಲಿ ಭಕ್ತರ ಮನೆಯ ಕರೆ, ಮಾದಪ್ಪನ ಪರ, ಶಿವರಾತ್ರಿಯ ಮತ್ತು ದೀಪಾವಳಿಯ ಜಾತ್ರೆ, ಇವೇ ಅವನ ವರುಷದ ಲೆಕ್ಕ. ವರಮಾನವೆಂದು ಹೇಳತಕ್ಕದ್ದು ಇಷ್ಟೇ.

ಆದರೆ ಅವನ ಕಂಠದಲ್ಲಿರುವ ಸಂಪತ್ತು ಸಾಮಾನ್ಯವಾದುದಲ್ಲ. ಮಾದೇಶ್ವರನ ಕಥೆಯು ‘ಸಾಲು’ಗಳಾಗಿ ಹರಡಿಕೊಂಡಿದೆ: ಶ್ರವಣನ ಸಾಲು, ಜುಂಜೇಗೌಡನ ಸಾಲು, ಸರಗೂರಯ್ಯನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು. ಒಂದೊಂದಕ್ಕೂ ಒಂದೊಂದು ರಾತ್ರಿಯೇ ಬೇಕಾದೀತು. ಇವುಗಳಲ್ಲಿ ಸಂಕಮ್ಮನದು ಎಲ್ಲಕ್ಕಿಂತ ಮನಸ್ಸನ್ನು ಕಲಕುವಂಥದು. ಕಾಡಿಗೆ ಹೊರಟ ಸೋಲಿಗರ ನೀಲೇಗೌಡನು ಹೆಂಡತಿಯ ಶೀಲಕ್ಕಾಗಿ ಬಲಗೈ ಭಾಷೆಯನ್ನು ಬೇಡುವನು, ಅವಳು ಕೊಡಲೊಲ್ಲಳು, ಅವನು ಅವಳನ್ನು ಹಿಂಸೆಗೆ ಗುರಿಮಾಡಿ ಕಟ್ಟಿಹಾಕಿ ಹೋಗುವನು. ತಪ್ಪಿಲ್ಲದವಳು ತಪ್ಪಿಲ್ಲವೆಂದು ಆಣೆಯಿಡಬೇಕೇಕೆ? ಈ ಪ್ರಶ್ನೆಯನ್ನು ಓದುಬರಹವಿಲ್ಲದ ಹಾಡುಗಾರರು ನಡುರಾತ್ರಿಯಲ್ಲಿ ಹೆಂಗಸರೂ ಗಂಡಸರೂ ಒಟ್ಟಿಗೆ ಕುಳಿತ ಸಭೆಯಲ್ಲಿ ಎತ್ತುತ್ತ ಬಂದಿದ್ದಾರೆ. ಸಂಕಮ್ಮನ ಕೈ ಬಿಡಿಸಲು ಬರುವ ಜಂಗಮನು ಅವಳಿಗೆ ಮಕ್ಕಳ ಫಲವನ್ನೂ ಕೊಡುವನು. ಕಾರಯ್ಯ ಬಿಲ್ಲಯ್ಯರು ಹುಟ್ಟುವರು. ವಿದ್ವತ್ಸಭೆಗಳಲ್ಲಿ ಇಂಥ ಪ್ರಶ್ನೆ ಬಹುಕಾಲ ಏಳಲಿಲ್ಲ.

ಇಂಥ ಮೇಳಕ್ಕೆ ಮನ್ನಣೆ ಏಕೆ ದೊರೆಯಲಿಲ್ಲ? ಗಡಿಯೂ ಒಂದು ಕಾರಣವಾಗಿರಬಹುದು. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕೊಳ್ಳೇಗಾಲದ ಸೀಮೆಯು ಇಂಗ್ಲಿಷರ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರವರೆಗೂ ಅದು ಮೈಸೂರಿಗೆ ಹಿಂದಿರುಗಲಿಲ್ಲ. ದೇವರು ಮದರಾಸಿನ ಆಡಳಿತದಲ್ಲಿ, ಒಕ್ಕಲಿನ ದೊಡ್ಡ ಭಾಗ ಮೈಸೂರಿನಲ್ಲಿ! ಕಾವೇರಿಯನ್ನು ದಾಟಿ ನಡೆದು ಬರುವ ಭಕ್ತರು ಈ ಗೆರೆಯನ್ನು ಗಣಿಸಲಿಲ್ಲ. ಆದರೆ ಗಡಿಗಿಂತಲೂ ಬಲವಾದುದು ಕಿವಿಯ ಮಡಿವಂತಿಕೆ. ವೀಣೆ ಶೇಷಣ್ಣನವರಂಥವರ ನಾದಕ್ಕೆ ಒಗ್ಗಿದ ಕಿವಿಗೆ ಕಂಚಿನ ಈ ಬಡಿತವೂ, ಬೆಳಗಿನ ಜಾವಕ್ಕೆ ಒಡೆದುಹೋದ ಕೊರಳೂ ಸಂಗೀತವಾಗಿ ತೋರಲಿಲ್ಲ. ಭಿಕ್ಷುಕರ ಗದ್ದಲವೆಂದು ಬಾಗಿಲನ್ನು ಮುಂದೂಡಿದ ಸುಶಿಕ್ಷಿತ ಮನೆಗಳು ಕಡಿಮೆಯಲ್ಲ.

ಒರಟುತನವನ್ನು ಅಜ್ಞಾನವೆಂದು ತಿಳಿಯುವ ಈ ಪ್ರಮಾದವು ನಮ್ಮ ನಾಡಿಗೇ ವಿಶೇಷವಾದುದಲ್ಲ. ಅಮೆರಿಕದ ಟಕೋಮ ಪಟ್ಟಣದಲ್ಲಿ 1960ರಲ್ಲಿ ‘ಸಾನಿಕ್ಸ್’ ಎಂಬ ಹುಡುಗರ ಮೇಳವು ಕೂಡಿತು. ಮೋಟಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಕಲಿತವರೆಂಬ ಅರ್ಥದಿಂದ ಇಂಥವರ ವಾದ್ಯಕ್ಕೆ ‘ಗ್ಯಾರೇಜ್’ ಎಂಬ ಹೆಸರೇ ಬಿದ್ದಿದೆ. 1965ರಲ್ಲಿ ಹೊರಬಂದ ಅವರ ಮೊದಲ ಪೂರ್ಣ ಧ್ವನಿಮುದ್ರಿಕೆಯು ಕಿರುಚಾಟದಿಂದ ತುಂಬಿದ್ದಿತು. ದೊಡ್ಡ ಕೀರ್ತಿ ಬರಲಿಲ್ಲ. ಆ ದಶಕವು ಮುಗಿಯುವಷ್ಟರಲ್ಲಿ ಮೇಳವು ಚದುರಿತು. ಆದರೂ ಕೆಲವು ನಿಷ್ಠಾವಂತರು ಆ ಹಾಡುಗಳನ್ನು ಕೈಬಿಡಲಿಲ್ಲ. ‘ಪಂಕ್’ ಎಂಬ ಸಂಗೀತಕ್ಕೆ ಇವರೇ ಹಿರಿಯರೆಂದು ಮುಂದೆ ಲೋಕವು ಒಪ್ಪಿತು; ಹಳಬರು ಮತ್ತೆ ಕೂಡಿ, 2015ರಲ್ಲಿ ಹೊಸ ಮುದ್ರಿಕೆಯನ್ನೂ ತಂದರು. ಅವರ ಪುಣ್ಯವೆಂದರೆ, ಮನ್ನಣೆಯು ಅವರ ಹೆಸರನ್ನೇ ಹುಡುಕಿಕೊಂಡು ಬಂದುದು.

ದೇವರಗುಡ್ಡರ ವಿಷಯದಲ್ಲಿ ಹಾಗಾಗಲಿಲ್ಲ. ವಿದ್ವಾಂಸರು ಬಂದರೆಂಬುದು ನಿಜ. ಜೀ. ಶಂ. ಪರಮಶಿವಯ್ಯ, ಪಿ. ಕೆ. ರಾಜಶೇಖರ ಮೊದಲಾದವರು ಈ ಪರಂಪರೆಯನ್ನು ಶ್ರದ್ಧೆಯಿಂದ ಸಂಗ್ರಹಿಸಿದರು. ಹೆಬ್ಬಣಿ ಮಾದಯ್ಯನವರ ಮೇಳವು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದರು ಬರಹಕ್ಕೆ ಇಳಿಸಿದರು, ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ಟರು ಮಾಡಿದ ಅದರ ಇಂಗ್ಲಿಷ್ ಅನುವಾದವನ್ನು 2001ರಲ್ಲಿ ಸಾಹಿತ್ಯ ಅಕಾಡೆಮಿಯು ಪ್ರಕಟಿಸಿತು. ಹಾಡಿದವರ ಹೆಸರನ್ನು ಪುಸ್ತಕದ ಮೇಲೆ ನಿಲ್ಲಿಸಿದ ಈ ಕೆಲಸವು ಎಷ್ಟು ಹೊಗಳಿದರೂ ಕಡಿಮೆಯೇ. ಆದರೂ ಅಲ್ಲಿ ಕಾಣುವುದು ಮಾದಯ್ಯನವರ ಹೆಸರೊಂದು. ಸೊಲ್ಲು ಹೇಳಿದವರು ‘ಮೇಳ’ವೆಂಬ ಒಂದೇ ಪದದಲ್ಲಿ ಅಡಗಿದರು.

ಸಿನಿಮಾದವರೂ ಬಂದರು. 1996ರ ‘ಜನುಮದ ಜೋಡಿ’ ಚಿತ್ರದಲ್ಲಿ ‘ಕೋಲುಮಂಡೆ’ಯ ಹಾಡನ್ನು ಹಾಡಿದ ಎಲ್. ಎನ್. ಶಾಸ್ತ್ರಿಗಳಿಗೆ ರಾಜ್ಯಪ್ರಶಸ್ತಿಯು ಸಂದಿತು. ಅವರ ಕಂಠಕ್ಕೆ ಅದು ಸಲ್ಲತಕ್ಕದ್ದೇ. ನಾಡೆಲ್ಲ ಆ ಮಟ್ಟನ್ನು ಗುನುಗಿತು. ಅದು ಯಾರ ಅಂಗಳದಿಂದ ಬಂದಿತೆಂದು ಕೇಳಿದವರು ಎಷ್ಟು ಮಂದಿ? 2020ರ ಆಗಸ್ಟಿನಲ್ಲಿ ಅದೇ ಹೆಸರಿನಿಂದ ಒಂದು ರ‍್ಯಾಪ್ ಹಾಡು ಹೊರಬಂದು, ಸಂಕಮ್ಮನನ್ನು ತೋರಿಸಿದ ರೀತಿಯು ಸಲ್ಲದೆಂದು ಭಕ್ತರು ಕೆರಳಿದರು. ಹಾಡಿದವರು ಕ್ಷಮೆ ಕೇಳಬೇಕಾಯಿತು. ನಗರದವರು ಇದನ್ನು ಜನರ ಮುಂಗೋಪವೆಂದು ನಕ್ಕಿರಬಹುದು. ಅವಳ ಕಷ್ಟವನ್ನು ರಾತ್ರಿಯಿಡೀ ಕೇಳಿ ಕಣ್ಣೀರಿಟ್ಟವರಿಗೆ ಅವಳು ಮನೆಯ ಹೆಣ್ಣುಮಗಳು, ಕುಣಿತದ ಗೊಂಬೆಯಲ್ಲ.

ಈಗ ಕಂಸಾಳೆಗೆ ವೇದಿಕೆಗಳು ಇಲ್ಲವೆನ್ನುವಂತಿಲ್ಲ. ದಸರೆಯ ಮೆರವಣಿಗೆಯಲ್ಲಿ ಬೀಸು ಕಂಸಾಳೆಯು ಬಂದರೆ ಜನರು ಚಪ್ಪಾಳೆ ತಟ್ಟುವರು. ಕಂಚನ್ನು ಬೀಸಿ ಬೆನ್ನ ಹಿಂದೆ, ತಲೆಯ ಮೇಲೆ, ನೆಲಕ್ಕೆ ಬಾಗಿ ತಟ್ಟುವ ಆ ಚಳಕವು ನಿಜವಾಗಿಯೂ ಕಷ್ಟಸಾಧ್ಯವಾದುದು. ಲೆಕ್ಕ ತಪ್ಪಿದರೆ ಪಕ್ಕದವನ ತಲೆಗೇ ಪೆಟ್ಟು. ಕಾಲೇಜಿನ ಹುಡುಗರೂ ಇದನ್ನು ಕಲಿಯುತ್ತಿರುವುದು ಸಂತೋಷದ ಮಾತು. ಆದರೆ ಹತ್ತು ನಿಮಿಷದ ಕುಣಿತದೊಳಗೆ ಸಂಕಮ್ಮನು ಹೇಗೆ ಹಿಡಿಸಿಯಾಳು? ಕುಣಿತಕ್ಕೆ ಹನ್ನೆರಡು ಮಂದಿ ಸಿಕ್ಕುವ ಊರಿನಲ್ಲಿ, ಕಥೆಗೆ ಸೊಲ್ಲು ಹೇಳಲು ಇಬ್ಬರು ಸಿಕ್ಕುವುದು ಕಷ್ಟವಾಗಿದೆ. ಮುಮ್ಮೇಳದ ಮುದುಕನಿಗೆ ಸಾಲುಗಳೆಲ್ಲ ನೆನಪಿವೆ. ಹಿಮ್ಮೇಳವಿಲ್ಲದೆ ಅವನು ಅವುಗಳನ್ನು ಹಾಡಲಾರನು.

ಶಿವರಾತ್ರಿಗೆ ತಾಳುಬೆಟ್ಟದ ಬುಡದಲ್ಲಿ, ನಡೆದು ಬಂದ ಪರಿಷೆಯು ಕಾಲು ಚಾಚಿ ಕುಳಿತಿರುವಾಗ, ಎಲ್ಲಿಯಾದರೂ ಕಂಚಿನ ದನಿಯೆದ್ದರೆ ಜನರು ಎದ್ದು ಅತ್ತ ಸರಿಯುವರು. ಕಥೆ ಬಲ್ಲ ಮುದುಕಿಯರು ಮುಂದೆ ಕುಳಿತುಕೊಳ್ಳುವರು. ಹಿಮ್ಮೇಳವು ಸೋತಲ್ಲಿ ಅವರೇ ಸೊಲ್ಲನ್ನು ಎತ್ತಿಕೊಡುವರು.